ಹನ್ನೆರಡು ‘ಕೀಟ’ಗಳ ಪೆಟ್ಟಿಗೆ: ಬೆನ್ನು ನೋಡಿ ಕೊಳ್ಳಬೇಡಿ, ಹೊಟ್ಟೆ ನೋಡಿ

ನಾನು ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಜೂನ್ ಕೊನೆಯಲ್ಲಿ ಆನ್‌ಲೈನಿನಲ್ಲಿ ಒಂದು ಪೆಟ್ಟಿಗೆ ತರಿಸಿದೆ. ಗಾಜಿನಂಥ ರೆಸಿನ್ ಒಳಗೆ ನಿಜವಾದ ಹುಳ ಹುಪ್ಪಟೆಗಳನ್ನು ಕೂರಿಸಿರುತ್ತಾರಲ್ಲ, ಅದು. ಸೋಪಿನ ಅರ್ಧದಷ್ಟು ದೊಡ್ಡ ಬಿಲ್ಲೆಗಳು, ಒಟ್ಟು 12. ಬೆಲೆ 2,340 ರೂಪಾಯಿ, ಸಾಗಾಟ ಬೇರೆ 90. ದುಡ್ಡು ನನ್ನದೇ, ಶಾಲೆಯದ್ದಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ಸ್ವಲ್ಪ ಹೊಟ್ಟೆ ಉರಿಯೂ ಸೇರಿದೆ, ಇರಲಿ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. 5ಕ್ಕೆ ಮೂರೂವರೆ. ಬಿಲ್ಲೆಗಳು ಚೆನ್ನಾಗಿವೆ. ಜೊತೆಗೆ ಬಂದ ಚೀಟಿ ಕಸದ ಬುಟ್ಟಿಗೆ.

ಸಾಗಾಟದ ಕಥೆ ದೊಡ್ಡದೇನಲ್ಲ. ನಮ್ಮ ಊರಿನ ಪಿನ್‌ಕೋಡಿಗೆ ಬರುವುದಿಲ್ಲ ಎಂದರು. ಪೇಟೆಯಲ್ಲಿರುವ ತಮ್ಮನ ಅಂಗಡಿ ವಿಳಾಸ ಕೊಟ್ಟೆ. ಮಳೆಗೆ ರಟ್ಟು ನೆಂದು ಹಪ್ಪಳವಾಗಿತ್ತು. ಒಳಗಿನ ಸ್ಪಂಜಿನಲ್ಲಿ ಬಿಲ್ಲೆಗಳು ಗಟ್ಟಿಯಾಗಿ ಕೂತಿದ್ದವು, ಒಂದೂ ಒಡೆದಿರಲಿಲ್ಲ. ಪ್ಯಾಕಿಂಗಿಗೆ ಪೂರ್ತಿ ಅಂಕ.

ಇನ್ನು ಚೀಟಿಯ ವಿಷಯ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘12 ನಿಜವಾದ ಕೀಟಗಳು’ ಎಂದು ಇಂಗ್ಲಿಷಿನಲ್ಲಿತ್ತು. ತೆಗೆದು ಮೇಜಿನ ಮೇಲೆ ಜೋಡಿಸಿದೆ. ಚೇಳು, ಜೇಡ, ಜರಿ, ಸಹಸ್ರಪದಿ, ಒಂದು ಪುಟ್ಟ ಏಡಿ. ಆಮೇಲೆ ಕೊಂಬಿನ ದುಂಬಿ, ಹಸಿರು ಹೊಳೆಯುವ ಇನ್ನೊಂದು ದುಂಬಿ, ಮಿಡತೆ, ಸಿಕಾಡ, ಇರುವೆ, ಕಣಜ, ಮತ್ತೆ ‘ಜೇನು’ ಎಂದು ಬರೆದಿದ್ದ ಒಂದು. ಇದರಲ್ಲಿ ಮೊದಲ ಐದೂ ಕೀಟಗಳೇ ಅಲ್ಲ. ಏಡಿಯನ್ನು ಕೀಟ ಎಂದವರನ್ನು ನಾನು ಮೊದಲ ಸಲ ನೋಡಿದ್ದು.

ಮನೆಯಲ್ಲಿ ನಾವೂ ‘ಹುಳ ಹುಪ್ಪಟೆ’ ಎಂದು ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬುತ್ತೇವೆ. ಅದರಲ್ಲಿ ತಪ್ಪೇನಿಲ್ಲ, ಒಂದು ಲೆಕ್ಕಕ್ಕೆ ಅದು ಸರಿಯೂ ಹೌದು. ಹೊರಗೆ ಗಟ್ಟಿ ಕವಚ, ಕೀಲು ಕೀಲಿನ ಕಾಲು, ಉಂಗುರ ಉಂಗುರದ ಮೈ. ಪಠ್ಯದ ಭಾಷೆಯಲ್ಲಿ ಸಂಧಿಪದಿಗಳು. ಭೂಮಿ ಮೇಲೆ ಹೆಸರಿಟ್ಟಿರುವ ಪ್ರಾಣಿಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇವೇ. ಆದರೆ 2,340 ರೂಪಾಯಿ ತೆಗೆದುಕೊಂಡವರು ಒಳಗಿನ ಮನೆತನಗಳನ್ನಾದರೂ ಬೇರೆ ಮಾಡಿ ಹೇಳಬೇಕಿತ್ತು, ಅಲ್ವಾ?

ನಾನು ಚೀಟಿ ಬಚ್ಚಿಟ್ಟು ಒಂಬತ್ತನೇ ಕ್ಲಾಸಿನ ಮಕ್ಕಳ ಮುಂದೆ ಬಿಲ್ಲೆ ಹರಡಿದೆ. ‘ಯಾವುದು ಯಾರ ಸಂಬಂಧಿ, ನೀವೇ ಗುಂಪು ಮಾಡಿ’ ಎಂದೆ. ಈ ಪೆಟ್ಟಿಗೆ ದುಡ್ಡು ದುಡಿದದ್ದು ಆ ಮುಕ್ಕಾಲು ಗಂಟೆಯಲ್ಲಿ.

ಮೊದಲ ಜಗಳ ಜೇಡದ್ದು. ‘ಮೇಡಂ, ಇದಕ್ಕೆ ಹತ್ತು ಕಾಲಿದಾವೆ’ ಅಂತ ಹಿಂದಿನ ಬೆಂಚಿನವನು ಕೂಗಿದ. ಎಂಟು ಎಂದು ಬಾಯಿಪಾಠ ಮಾಡಿಕೊಂಡವರೆಲ್ಲ ನಕ್ಕರು. ಅವನು ಬಿಡಲಿಲ್ಲ. ಬಿಲ್ಲೆ ತಿರುಗಿಸಿ, ಪೆನ್ನಿನ ತುದಿಯಿಂದ ಒಂದೊಂದೇ ತೋರಿಸಿ ಎಣಿಸಿದ. ಹತ್ತೇ! ಮುಂದಿನ ಎರಡು ಗಿಡ್ಡ, ತುದಿ ಉಬ್ಬಿದ್ದು, ಬಾಕ್ಸಿಂಗ್ ಕೈಗವಸು ಹಾಕಿದ ಹಾಗೆ.

ಬೆನ್ನಿನ ಕಡೆಯಿಂದ ನೋಡಿದ್ದರೆ ಆ ಗೊಂದಲ ಬಗೆಹರಿಯುತ್ತಿರಲಿಲ್ಲ. ಹೊಟ್ಟೆ ಕಡೆಯಿಂದ ನೋಡಿದರೆ ನಡೆಯುವ ಎಂಟು ಕಾಲೂ ಎದೆಯ ಹಲಗೆಯ ಸುತ್ತ, ಛತ್ರಿಯ ಕಡ್ಡಿಗಳ ಹಾಗೆ ಹೊರಟಿರುವುದು ಕಾಣುತ್ತದೆ. ಉಳಿದೆರಡು ಬಾಯಿಯ ಎರಡು ಪಕ್ಕದಿಂದ ಹೊರಟಿವೆ. ಅವು ನಡೆಯುವ ಕಾಲಲ್ಲ, ಮುಟ್ಟಿ ನೋಡುವ, ಹಿಡಿಯುವ ಪುಟ್ಟ ಕೈಗಳು. ತುದಿ ಉಬ್ಬಿದೆ ಎಂದರೆ ಅದು ಗಂಡು.

ಆಮೇಲೆ ಚೇಳಿನ ಬಿಲ್ಲೆ ಎತ್ತಿಕೊಂಡರು. ಅಲ್ಲಿಯೂ ನಡೆಯುವ ಕಾಲು ಎಂಟೇ. ಹಾಗಾದರೆ ಮುಂದಿನ ಇಕ್ಕಳ? ಅದೂ ಬಾಯಿಯ ಪಕ್ಕದಿಂದಲೇ ಬಂದಿದೆ! ಜೇಡದ ಆ ಪುಟ್ಟ ಕೈ ಚೇಳಿನಲ್ಲಿ ದೊಡ್ಡದಾಗಿ ಇಕ್ಕಳವಾಗಿದೆ ಅಷ್ಟೇ. ಈಗ ಏಡಿ. ಅದಕ್ಕೂ ಇಕ್ಕಳ ಇದೆ, ಹಾಗಾಗಿ ಚೇಳಿನ ಪಕ್ಕ ಇಡೋಣ ಎಂದು ಅರ್ಧ ಕ್ಲಾಸು ಹೇಳಿತು. ಏಡಿಯ ಹೊಟ್ಟೆ ನೋಡಿದರೆ ಇಕ್ಕಳ ಉಳಿದ ಕಾಲುಗಳ ಸಾಲಿನಲ್ಲೇ, ಮೊದಲನೆಯ ಜೋಡಿಯಾಗಿ ಕೂತಿದೆ. ಒಟ್ಟು ಹತ್ತು ಕಾಲು, ಅದರಲ್ಲಿ ಮೊದಲ ಎರಡು ಇಕ್ಕಳ. ನೋಡಲು ಒಂದೇ ಥರ, ಮೂಲ ಬೇರೆ. ಚೇಳಿಗೆ ನಿಜವಾಗಿ ಹತ್ತಿರದ ನೆಂಟ ಜೇಡ, ಇಕ್ಕಳದ ಏಡಿಯಲ್ಲ.

ನಾನು ಹದಿನಾರು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಇದನ್ನು ಹೇಳಿದ್ದೇನೆ. ಆದರೆ ಮಕ್ಕಳು ಹೀಗೆ ತಿರುಗಿಸಿ ತಿರುಗಿಸಿ ಜಗಳ ಆಡಿದ್ದು ಇದೇ ಮೊದಲು. ಜೀವಂತ ಚೇಳಿನ ಹೊಟ್ಟೆ ಯಾರು ತಿರುಗಿಸಿ ನೋಡುತ್ತಾರೆ ಹೇಳಿ?

ಇಷ್ಟು ಹೊಗಳಿದ ಮೇಲೆ ದೊಡ್ಡ ದೂರು. 12ರಲ್ಲಿ ನಾಲ್ಕು ಬಿಲ್ಲೆಗಳಿಗೆ ಹೆಸರಿನ ಸ್ಟಿಕ್ಕರನ್ನು ಸರಿಯಾಗಿ ಹೊಟ್ಟೆಯ ಮೇಲೇ ಅಂಟಿಸಿದ್ದಾರೆ. ನೋಡಬೇಕಾದ ಜಾಗವನ್ನೇ ಮುಚ್ಚಿದ ಮೇಲೆ ಪಾರದರ್ಶಕ ರೆಸಿನ್ ಯಾಕೆ ಬೇಕಿತ್ತು? ಉಗುರಿನಲ್ಲಿ ಕೆರೆದೆ, ಅರ್ಧ ಬಂತು. ಉಳಿದ ಅಂಟಿಗೆ ಉಗುರುಬಣ್ಣ ತೆಗೆಯುವ ದ್ರವ ಹಾಕಿದೆ. ಅದು ನನ್ನ ದಡ್ಡತನ. ಇರುವೆಯ ಬಿಲ್ಲೆಯ ಅಡಿ ನೋಡುನೋಡುತ್ತಲೇ ಮಂಜು ಹಿಡಿದ ಕನ್ನಡಕದ ಹಾಗಾಯಿತು. ಇನ್ನು ಅದು ಸರಿಹೋಗುವುದಿಲ್ಲ. ಉಳಿದ ಮೂರಕ್ಕೆ ಕೊಬ್ಬರಿ ಎಣ್ಣೆ ಸವರಿ ರಾತ್ರಿ ಇಟ್ಟೆ. ಬೆಳಿಗ್ಗೆ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಲೀಸಾಗಿ ಬಂತು. ನೀವು ಕೊಂಡರೆ ಎಣ್ಣೆಯಿಂದಲೇ ಶುರು ಮಾಡಿ.

ಬಿಲ್ಲೆಗಳನ್ನು ಮನೆಗೆ ತಂದಿದ್ದಾಗ ಅತ್ತೆ ಏಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ‘ಎಂತ ಮಾರಾಯ್ತಿ, ಇದನ್ನ ಬೇಯಿಸಿ ಹಾಕಿದಾರಲ್ಲೇ’ ಎಂದರು. ಹೌದಲ್ಲ! ಗದ್ದೆಯ ಅಂಚಿನಲ್ಲಿ ಓಡಾಡುವ ಏಡಿ ಮಣ್ಣಿನ ಬಣ್ಣ. ಇದು ಕಿತ್ತಳೆ ಕೆಂಪು. ಏಡಿ, ಸಿಗಡಿಗಳ ಚಿಪ್ಪಿನಲ್ಲಿ ಕೆಂಪು ಬಣ್ಣ ಮೊದಲೇ ಇರುತ್ತದೆ. ಒಂದು ಪ್ರೋಟೀನು ಅದನ್ನು ಹಿಡಿದಿಟ್ಟು ಬೇರೆ ಬಣ್ಣ ಕಾಣಿಸುವಂತೆ ಮಾಡಿರುತ್ತದೆ. ಕಾಯಿಸಿದಾಗ ಆ ಪ್ರೋಟೀನು ಹಾಳಾಗಿ ಕೆಂಪು ಹೊರಗೆ ಬರುತ್ತದೆ. ಸ್ಪಿರಿಟ್ಟಿನಲ್ಲಿ ನೆನೆಸಿಟ್ಟರೂ ಹೀಗೆ ಆಗುತ್ತದೆ, ಇದರಲ್ಲಿ ಹಾಗೇ ಆಗಿರಬೇಕು. ಮಳೆಗಾಲದಲ್ಲಿ ಏಡಿ ಸಾರು ಮಾಡುವವರಿಗೆ ಗೊತ್ತಿರುವ ವಿಷಯ ಪೆಟ್ಟಿಗೆಯವರ ಚೀಟಿಯಲ್ಲಿ ಇಲ್ಲ.

ಇನ್ನೊಂದು, ಏಡಿ ಗುಂಪಿನ ಗುರುತೇ ಈ ಬಿಲ್ಲೆಯಲ್ಲಿ ಕಾಣುವುದಿಲ್ಲ. ಈ ಗುಂಪಿಗೆ ಕುಡಿಮೀಸೆ ಎರಡು ಜೋಡಿ. ಏಡಿಯಲ್ಲಿ ಅವು ಕಣ್ಣಿನ ನಡುವೆ ಮೋಟು ಮೋಟಾಗಿ ಇರುತ್ತವೆ. ಇಲ್ಲಿ ಸರಿಯಾಗಿ ಅಲ್ಲೇ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿದೆ. ನಾನು ಸಂತೆಯಿಂದ ಒಂದು ಹಿಡಿ ಶೆಟ್ಲಿ, ಅಂದರೆ ಸಿಗಡಿ, ತಂದು ತಟ್ಟೆಯಲ್ಲಿಟ್ಟೆ. ಎರಡು ಜೋಡಿ ಮೀಸೆಯೂ ದಾರದ ಹಾಗೆ ಎದ್ದು ಕಾಣುತ್ತದೆ, ಹೊಟ್ಟೆಯ ಅಡಿ ಈಜುವ ಪುಟ್ಟ ಕಾಲುಗಳೂ ಸಿಗುತ್ತವೆ. ಪಾಠ ಮುಗಿದ ಮೇಲೆ ಸಾಮಗ್ರಿಯನ್ನು ಬೆಕ್ಕು ತಿಂದಿತು. ರೆಸಿನ್ ಏಡಿಗಿಂತ ಅದು ವಾಸಿ.

ಮೀಸೆಯ ಮಾತು ಬಂದ ಮೇಲೆ ಮಕ್ಕಳಿಗೆ ಒಂದು ಒಳ್ಳೆಯ ಲೆಕ್ಕ ಸಿಕ್ಕಿತು. ಕಾಲಿನಿಂದ ಶುರು ಮಾಡಬೇಡಿ, ಮೀಸೆಯಿಂದ ಶುರು ಮಾಡಿ. ಮೀಸೆಯೇ ಇಲ್ಲ ಅಂದರೆ ಜೇಡ, ಚೇಳಿನ ಕಡೆಯವರು. ಎರಡು ಜೋಡಿ ಇದ್ದರೆ ಏಡಿ, ಸಿಗಡಿಯ ಕಡೆ. ಒಂದೇ ಜೋಡಿ ಇದ್ದರೆ ಆಗ ಕಾಲು ಎಣಿಸಿ. ಆರಿದ್ದರೆ ಕೀಟ, ಎಣಿಸಿ ಸುಸ್ತಾದರೆ ಜರಿ ಅಥವಾ ಸಹಸ್ರಪದಿ. ನೂರಕ್ಕೆ ನೂರು ಸಲ ಹೊಂದುತ್ತದೆ ಅನ್ನಲಾರೆ. ಆದರೂ ಕಾಲಿನ ಲೆಕ್ಕಕ್ಕಿಂತ ಇದು ಗಟ್ಟಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಪೆಟ್ಟಿಗೆಯಲ್ಲಿ ನನಗೆ ಬಹಳ ಹಿಡಿಸಿದ್ದು ಜರಿಯ ಬಿಲ್ಲೆ. ಎಸ್ ಆಕಾರದಲ್ಲಿ ಬಾಗಿಸಿ ಕೂರಿಸಿದ್ದಾರೆ, ಒಂದು ಕಾಲು ಮಾತ್ರ ಮುರಿದಿದೆ. ‘ಶತಪದಿ ಅಂದ್ರೆ ನೂರು ಕಾಲು ಅಲ್ವಾ ಮೇಡಂ?’ ಎಂದು ಕೇಳಿದ ಹುಡುಗಿಯ ಕೈಗೇ ಕೊಟ್ಟೆ. 21 ಜೋಡಿ ಎಣಿಸಿದಳು. ಎರಡು ಸಲ ಎಣಿಸಿದರೂ ಅಷ್ಟೇ. ಬೆಳೆದ ಜರಿಗಳಲ್ಲಿ ಕಾಲಿನ ಜೋಡಿ ಯಾವಾಗಲೂ ಬೆಸಸಂಖ್ಯೆಯಲ್ಲೇ ಇರುತ್ತದೆ. ಕಡಿಮೆ ಅಂದರೆ 15, ಜಾಸ್ತಿ ಅಂದರೆ 191. ನೂರು ಕಾಲು ಬೇಕೆಂದರೆ 50 ಜೋಡಿ ಬೇಕು. 50 ಬೆಸ ಅಲ್ಲ. ಹಾಗಾಗಿ ನೂರು ಕಾಲಿನ ಶತಪದಿ ಇಲ್ಲವೇ ಇಲ್ಲ! ಕ್ಲಾಸಿನಲ್ಲಿ ಈ ಗಣಿತಕ್ಕೆ ಬಿದ್ದ ಚಪ್ಪಾಳೆ ಗಣಿತದ ಮೇಷ್ಟ್ರಿಗೂ ಕೇಳಿಸಿತಂತೆ.

ಅದೇ ಜರಿಯನ್ನು ತಿರುಗಿಸಿ ತಲೆಯ ಅಡಿ ನೋಡಿ. ಎರಡು ಕೊಕ್ಕೆಗಳು ಎದುರು ಬದರಾಗಿ ಬಾಗಿವೆ, ತುದಿ ಕಪ್ಪು. ಅದು ಹಲ್ಲಲ್ಲ, ಮೊದಲ ಜೋಡಿ ಕಾಲು. ಜರಿ ‘ಕಚ್ಚುವುದು’ ಕಾಲಿನಿಂದ. ವಿಷ ಬರುವುದೂ ಅದರ ತುದಿಯಿಂದಲೇ. ನನ್ನ ಅಣ್ಣನಿಗೆ ಹುಲ್ಲು ಹೊರೆ ಕಟ್ಟುವಾಗ ಕಚ್ಚಿತ್ತು, ಆ ಕೈ ಊದಿದ್ದು ನೆನಪಾಗಿ ಬಿಲ್ಲೆಯಲ್ಲಿದ್ದರೂ ಬೆರಳು ಹಿಂದಕ್ಕೆ ಬಂತು.

ಸಹಸ್ರಪದಿಯ ಬಿಲ್ಲೆ ಸುಮ್ನೆ ದಂಡ. ಚಕ್ಕುಲಿಯ ಹಾಗೆ ಸುತ್ತಿಕೊಂಡಿರುವುದನ್ನು ಹಾಗೇ ಮುಳುಗಿಸಿದ್ದಾರೆ. ಕಾಲೆಲ್ಲ ಒಳಗೆ. ನೋಡಲು ಸಿಗುವುದು ಬರೀ ಬೆನ್ನು. ಜುಲೈ ತಿಂಗಳಲ್ಲಿ ನಮ್ಮ ಶಾಲೆಯ ಗೋಡೆಯ ಮೇಲೆ ಇದಕ್ಕೆ ಬರವೇ? ಒಂದನ್ನು ಎಲೆಯ ಮೇಲೆ ಹತ್ತಿಸಿ, ಹಳೆಯ ಕಿಟಕಿ ಗಾಜಿನ ಮೇಲೆ ಬಿಟ್ಟು, ಗಾಜನ್ನು ಎರಡು ಬೆಂಚಿನ ನಡುವೆ ಇಟ್ಟೆವು. ಮಕ್ಕಳು ಕೆಳಗೆ ಮಲಗಿ ನೋಡಿದರು. ಕಾಲುಗಳು ಒಟ್ಟಿಗೆ ಎದ್ದು ಒಟ್ಟಿಗೆ ಬೀಳುವುದಿಲ್ಲ, ಗಾಳಿಗೆ ಭತ್ತದ ಗದ್ದೆ ತೂಗಿದ ಹಾಗೆ ಅಲೆ ಅಲೆಯಾಗಿ ಸಾಗುತ್ತವೆ. ಹತ್ತಿರದಿಂದ ನೋಡಿದರೆ ಮೈಯ ಒಂದೊಂದು ಉಂಗುರಕ್ಕೆ ಎರಡೆರಡು ಜೋಡಿ ಕಾಲು. ಜರಿಗೆ ಉಂಗುರಕ್ಕೆ ಒಂದೇ ಜೋಡಿ. ಇವೆರಡನ್ನೂ ಬೇರೆ ಮಾಡಲು ಅಷ್ಟು ಸಾಕು. ಜರಿ ಬೇಟೆಗಾರ, ಚಪ್ಪಟೆ ಮೈ, ಓಟ ಜೋರು. ಸಹಸ್ರಪದಿ ಕೊಳೆತ ಎಲೆ ತಿನ್ನುವ ಪಾಪದ ಪ್ರಾಣಿ, ಮೈ ದುಂಡಗೆ. ಹೆದರಿಸಿದರೆ ಒಂದು ಘಾಟಿನ ದ್ರವ ಬಿಡುತ್ತದೆ. ನನ್ನ ಹೆಬ್ಬೆರಳಿನ ಕಂದು ಕಲೆ ಎರಡು ದಿನ ಹೋಗಲಿಲ್ಲ.

ಸಾವಿರ ಕಾಲಿನ ಮಾತೂ ಬಹಳ ಕಾಲ ಬರೀ ಮಾತೇ ಆಗಿತ್ತು. 2021ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಗಣಿ ಹುಡುಕಲು ಕೊರೆದ ಬಾವಿಯ ಸುಮಾರು 60 ಮೀಟರ್ ಆಳದಲ್ಲಿ ಸಿಕ್ಕ ಒಂದು ಜಾತಿಯ ಬಗ್ಗೆ ಪ್ರಕಟವಾಯಿತು. ಅದಕ್ಕೆ 1,306 ಕಾಲು. ಹೆಸರಿಗೆ ತಕ್ಕ ಮೊದಲ ಸಹಸ್ರಪದಿ ಅದೇ.

ಚೇಳಿನ ಬಗ್ಗೆ ಇನ್ನೊಂದು ಮಾತು. ನೇರಳಾತೀತ ಕಿರಣದ ಟಾರ್ಚ್, ನೋಟು ಪರೀಕ್ಷೆ ಮಾಡುತ್ತಾರಲ್ಲ, ಅದನ್ನು ತಮ್ಮನ ಅಂಗಡಿಯಿಂದ ತಂದು ಕತ್ತಲೆ ಕೋಣೆಯಲ್ಲಿ ಬಿಟ್ಟೆ. ರೆಸಿನ್ ಕೂಡ ಸ್ವಲ್ಪ ಹೊಳೆಯಿತು, ಆದರೆ ಚೇಳು ಹಸಿರಾಗಿ ಉರಿದಂತೆ ಕಂಡಿತು. ಜೀವ ಹೋದ ಮೇಲೂ ಕವಚದ ಈ ಗುಣ ಹೋಗುವುದಿಲ್ಲ. ಈ ಚೇಳಿನ ಇಕ್ಕಳ ಸಣಕಲು, ಬಾಲ ದಪ್ಪ. ನಮ್ಮ ಕಾಡಿನ ಕರಿ ಚೇಳಿಗೆ ಇಕ್ಕಳವೇ ದೊಡ್ಡದು. ಇಕ್ಕಳ ಸಣ್ಣದಿದ್ದು ಬಾಲ ದಪ್ಪ ಇದ್ದರೆ ವಿಷ ಜಾಸ್ತಿ ಎನ್ನುವುದು ಒಂದು ಅಂದಾಜಿನ ಲೆಕ್ಕ. ಕೆಂಪು ಚೇಳು ಅಂಥದ್ದು. ಅದರ ಕಡಿತಕ್ಕೆ ರಕ್ತದೊತ್ತಡದ ಮಾತ್ರೆ ಪ್ರಜೋಸಿನ್ ಕೊಟ್ಟು ಜೀವ ಉಳಿಸಬಹುದು ಎಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಕ್ಕಳಿಗೆ ನಾನು ಹೇಳಿದ್ದು ಇಷ್ಟೇ: ಇಕ್ಕಳ ನೋಡಿ ಧೈರ್ಯ ಮಾಡಬೇಡಿ, ಯಾವ ಚೇಳು ಕಡಿದರೂ ಆಸ್ಪತ್ರೆಗೆ ಹೋಗಿ.

ಕೀಟಗಳ ಏಳು ಬಿಲ್ಲೆಗಳಲ್ಲಿ ಎರಡು ದುಂಬಿಗಳೂ ಅಲಂಕಾರಕ್ಕೆ ಚೆನ್ನ, ಅಷ್ಟೇ. ಕಣಜ ಪರವಾಗಿಲ್ಲ. ಮಿಡತೆ ಒಳ್ಳೆಯದು. ಅದರ ಪಕ್ಕೆಯ ಉದ್ದಕ್ಕೂ ಸೂಜಿಮೊನೆಯಷ್ಟು ತೂತುಗಳ ಸಾಲು ಕಾಣುತ್ತದೆ. ಮಿಡತೆ ಮೂಗಿನಿಂದ ಉಸಿರಾಡುವುದಿಲ್ಲ, ಈ ತೂತುಗಳಿಂದ. ಒಂದೊಂದು ಪಕ್ಕಕ್ಕೆ ಹತ್ತು. ರೆಕ್ಕೆಯ ಕೆಳಗೆ, ಹೊಟ್ಟೆಯ ಮೊದಲ ಉಂಗುರದಲ್ಲಿ, ಒಂದು ಸಣ್ಣ ತೊಗಲಿನ ಕಿಟಕಿ ಇದೆ. ಅದು ಕಿವಿ! ಇದನ್ನು ತೋರಿಸಿದ ದಿನ ಒಬ್ಬ ಹುಡುಗ ಮಧ್ಯಾಹ್ನವೆಲ್ಲ ತನ್ನ ಹೊಟ್ಟೆಗೆ ಕೈ ಇಟ್ಟುಕೊಂಡು ‘ಕೇಳಿಸ್ತಾ ಇಲ್ಲ ಮೇಡಂ’ ಎನ್ನುತ್ತಿದ್ದ.

ಸಿಕಾಡದ ಬಿಲ್ಲೆಗೆ ಚೀಟಿಯಲ್ಲಿ ಕನ್ನಡ ಹೆಸರೂ ಕೊಟ್ಟಿದ್ದರು, ‘ಜೀರುಂಡೆ’ ಎಂದು. ದುಂಬಿಗೂ ಅದೇ ಹೆಸರು. ಇದಕ್ಕೆ ಅವರನ್ನು ಬೈಯಲಾರೆ. ನಮ್ಮಲ್ಲೇ ಒಬ್ಬರು ಕಾಡಿನಲ್ಲಿ ಕಿವಿ ತೂತಾಗುವಂತೆ ಕೂಗುವುದಕ್ಕೆ ಜೀರುಂಡೆ ಎನ್ನುತ್ತಾರೆ, ಇನ್ನೊಬ್ಬರು ಗಟ್ಟಿ ರೆಕ್ಕೆಯ ದುಂಬಿಗೆ ಎನ್ನುತ್ತಾರೆ. ಹೊಟ್ಟೆ ಕಡೆ ತಿರುಗಿಸಿದರೆ ಈ ಜಗಳವೂ ಮುಗಿಯುತ್ತದೆ. ಕೂಗುವ ಗಂಡಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಎರಡು ಅಗಲವಾದ ಮುಚ್ಚಳಗಳಿವೆ, ಡೋಲಿನ ಕೋಣೆಯ ಬಾಗಿಲಿನ ಹಾಗೆ. ದುಂಬಿಗೆ ಅಂಥದ್ದಿಲ್ಲ.

ಈಗ ‘ಜೇನು’. ಹಳದಿ ಕಪ್ಪು ಪಟ್ಟೆ, ದುಂಡು ಹೊಟ್ಟೆ, ನಾನೂ ಮೊದಲು ಜೇನೆಂದೇ ನಂಬಿದ್ದೆ. ಜೇನು ಪೆಟ್ಟಿಗೆ ಇರುವ ಮನೆಯ ಹುಡುಗಿಯೊಬ್ಬಳು ಒಂದೇ ನೋಟಕ್ಕೆ ‘ಇದು ಜೇನಲ್ಲ’ ಎಂದಳು. ಯಾಕೆ? ‘ಕಣ್ಣು ನೊಣದ್ದು.’ ಭೂತಗನ್ನಡಿ ತಂದು ರೆಕ್ಕೆ ಎಣಿಸಿದೆವು. ಜೇನಿಗೆ ನಾಲ್ಕು ರೆಕ್ಕೆ. ಇದಕ್ಕೆ ಎರಡೇ. ಹಿಂದಿನ ರೆಕ್ಕೆ ಇರಬೇಕಾದ ಜಾಗದಲ್ಲಿ ಗುಂಡುಸೂಜಿಯ ತಲೆಯಂಥ ಎರಡು ಪುಟ್ಟ ಗುಂಡುಗಳು. ಹಾರುವಾಗ ಮೈ ವಾಲದಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಮೀಸೆಯೂ ಮೋಟು. ಹೂವಿನ ಮೇಲೆ ನಿಂತಲ್ಲೇ ತೇಲುತ್ತದಲ್ಲ, ಆ ನೊಣ. ಕುಟುಕಲು ಬರುವುದಿಲ್ಲ, ಜೇನಿನ ವೇಷ ಹಾಕಿಕೊಂಡು ಹಕ್ಕಿಗಳಿಂದ ಬಚಾವಾಗುತ್ತದೆ. ಹಕ್ಕಿಯ ಜೊತೆಗೆ ಪೆಟ್ಟಿಗೆ ಮಾರುವವರೂ ಮೋಸ ಹೋಗಿದ್ದಾರೆ.

ಗ್ರಾಹಕ ಸೇವೆಗೆ ಬರೆದೆ. ಏಡಿ ಕೀಟವಲ್ಲ, ಜೇನು ಜೇನಲ್ಲ, ಸ್ಟಿಕ್ಕರ್ ಹೊಟ್ಟೆ ಮೇಲಿದೆ ಎಂದು ಫೋಟೋ ಸಮೇತ ವಿವರಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ‘ವಸ್ತು ಒಡೆದಿದೆಯೇ?’ ಒಡೆದಿಲ್ಲ ಎಂದೆ. ಮುಂದಿನ ಖರೀದಿಗೆ 200 ರೂಪಾಯಿ ಕೂಪನ್ ಕಳಿಸಿ ಕೈತೊಳೆದುಕೊಂಡರು. ಈ ಹುಳಗಳನ್ನು ಎಲ್ಲಿಂದ ತಂದಿರಿ, ಸಾಕಿದ್ದೋ ಕಾಡಿನಿಂದ ಹಿಡಿದಿದ್ದೋ ಎಂದೂ ಕೇಳಿದ್ದೆ. ಅದಕ್ಕೆ ಉತ್ತರವೇ ಇಲ್ಲ. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೆಲವು ಚಿಟ್ಟೆಗಳಿಗೂ ರಕ್ಷಣೆ ಇದೆ. ಅದೇ ಅಂಗಡಿಯಲ್ಲಿ ಚಿಟ್ಟೆಗಳ ಸೆಟ್ ಕೂಡ ಇತ್ತು. ಮೂಲ ಹೇಳದವರ ಹತ್ತಿರ ಅದನ್ನು ನಾನಂತೂ ಕೊಳ್ಳುವುದಿಲ್ಲ. ಅರ್ಧ ಅಂಕ ಇದಕ್ಕೇ ಕಡಿದಿದ್ದು.

ಪೆಟ್ಟಿಗೆಯಲ್ಲಿ ಇಲ್ಲದ್ದರ ಬಗ್ಗೆಯೂ ಹೇಳಬೇಕು. ನಮ್ಮ ಮಲೆನಾಡಿನವರಿಗೆ ಅದೇ ಮುಖ್ಯ. ಉಣುಗು ಇಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ಕಾಯಿಲೆಗೆ ಆ ಕಾಡಿನ ಹೆಸರೇ ಉಳಿಯಿತು. ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಹರಡುವುದು ಉಣುಗು. ಎಲ್ಲರೂ ಅದನ್ನು ಕೀಟ ಎಂದೇ ಬರೆಯುತ್ತಾರೆ. ಅದು ಜೇಡ, ಚೇಳಿನ ಕಡೆಯದು. ಬೆಳೆದ ಉಣುಗಿಗೆ ಎಂಟು ಕಾಲು. ಆದರೆ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗೆ ಆರೇ ಕಾಲು! ಒಮ್ಮೆ ಪೊರೆ ಬಿಟ್ಟ ಮೇಲೆ ಎಂಟಾಗುತ್ತದೆ. ಕಾಲು ಎಣಿಸಿ ಗುಂಪು ಮಾಡುವವರು ಇಲ್ಲಿ ಎಡವುತ್ತಾರೆ. ಮೀಸೆ ಹುಡುಕಿದರೆ ಎಡವುವುದಿಲ್ಲ, ಮರಿಗೂ ಮೀಸೆ ಇಲ್ಲ. ಆಗ ಬಾಕಿ ಇಟ್ಟಿದ್ದ ಉತ್ತರ ಇದು. ಉಣುಗನ್ನು ನಾನು ಕ್ಲಾಸಿಗೆ ತರಲಿಲ್ಲ, ತರಲೂಬಾರದು. ಆರೋಗ್ಯ ಇಲಾಖೆಯ ಭಿತ್ತಿಪತ್ರದಲ್ಲಿನ ಚಿತ್ರ ದೊಡ್ಡದು ಮಾಡಿ ತೋರಿಸಿದೆ. ಒಂದು ಉಣುಗನ್ನು ರೆಸಿನ್‌ನಲ್ಲಿ ಹಾಕಿ ಕೊಟ್ಟಿದ್ದರೆ ಹಸಿರು ದುಂಬಿ ಬಿಟ್ಟುಕೊಡುತ್ತಿದ್ದೆ.

ಪೊರೆ ಬಿಡುವುದನ್ನೂ ಈ ಪೆಟ್ಟಿಗೆ ತೋರಿಸಲಾರದು. ಗಟ್ಟಿ ಕವಚ ಹಿಗ್ಗುವುದಿಲ್ಲ, ಬೆಳೆಯಬೇಕೆಂದರೆ ಬಿಚ್ಚಲೇಬೇಕು. ಅದಕ್ಕೆ ದುಡ್ಡು ಬೇಡ. ಅಡಿಕೆ ತೋಟದಲ್ಲಿ ಮರದ ಬುಡಕ್ಕೆ ಸಿಕಾಡದ ಒಣ ಪೊರೆ ಅಂಟಿಕೊಂಡಿರುತ್ತದೆ. ಬೆನ್ನು ಸೀಳಿದೆ, ಒಳಗೆ ಯಾರೂ ಇಲ್ಲ, ಆರು ಕಾಲಿನ ಉಗುರಿನ ತನಕ ಎಲ್ಲವೂ ಹಾಗೇ ಇದೆ. ಮಕ್ಕಳು ಶರ್ಟಿಗೆ ಬ್ಯಾಡ್ಜಿನ ಹಾಗೆ ಸಿಕ್ಕಿಸಿಕೊಂಡು ಬರುತ್ತಾರೆ.

ಇರುವೆಯ ಬಿಲ್ಲೆ ನಾನೇ ಕೆಡಿಸಿದ್ದರಿಂದ ಶಾಲೆಯ ಹಿಂದಿನ ಮಾವಿನ ಮರದ ಚಗಳಿಯನ್ನೇ ತೋರಿಸಲು ಹೋದೆವು. ಎಲೆ ಹೊಲಿದು ಗೂಡು ಮಾಡುವ ಕೆಂಪು ಇರುವೆ. ಚಟ್ನಿ ಮಾಡುತ್ತೇವಲ್ಲ, ಅದೇ. ಗೂಡಿನಿಂದ ಸ್ವಲ್ಪ ದೂರದ ಎಲೆಯ ಮೇಲೆ ಒಂಟಿ ಚಗಳಿಯೊಂದು ಓಡಾಡುತ್ತಿತ್ತು. ನಡಿಗೆ ಸ್ವಲ್ಪ ತಡವರಿಕೆಯದು. ಎಲೆ ಅಲ್ಲಾಡಿಸಿದ ಕೂಡಲೇ ಅದು ನೂಲು ಬಿಟ್ಟು ಕೆಳಗೆ ಇಳಿಯಿತು. ಇರುವೆ ನೂಲು ಬಿಟ್ಟು ಇಳಿಯುತ್ತದೆಯೇ? ಎಲ್ಲರೂ ಬಗ್ಗಿದೆವು. ಮುಂದಿನ ಎರಡು ಕಾಲನ್ನು ಮೀಸೆಯ ಹಾಗೆ ಎತ್ತಿ ಆಡಿಸುತ್ತಿದ್ದ ಜೇಡ ಅದು! ಚಗಳಿಯ ಬಣ್ಣ, ಚಗಳಿಯ ಸಣ್ಣ ಸೊಂಟ, ಎಲ್ಲವೂ ಅದರದ್ದೇ. ಎತ್ತಿದ ಕಾಲನ್ನು ಮೀಸೆ ಎಂದುಕೊಂಡರೆ ಉಳಿದದ್ದು ಆರು ಕಾಲು, ಲೆಕ್ಕ ಸರಿಯಾಗಿ ಇರುವೆಯದ್ದೇ. ನಮ್ಮ ಮೀಸೆ ಲೆಕ್ಕವನ್ನು ಮೊದಲೇ ಓದಿಕೊಂಡು ಬಂದ ಹಾಗಿತ್ತು. ಕಣ್ಣು ನೋಡಿ ಹಿಡಿದೆವು. ಇರುವೆಗೆ ಎರಡು ಕಣ್ಣು, ಇದಕ್ಕೆ ಎಂಟು. ಎದುರಿನ ಎರಡು ಕಾರಿನ ಲೈಟಿನ ಹಾಗೆ.

ಗೋಲಿಯ ಹಾಗೆ ಸುತ್ತಿಕೊಳ್ಳುವ ಹುಳಗಳ ಬಗ್ಗೆಯೂ ಮಕ್ಕಳು ಕೇಳಿದರು. ಅದರಲ್ಲಿ ಎರಡು ಬಗೆ. ಹೂಕುಂಡದ ಅಡಿ ಸಿಗುವ ಬೂದು ಬಣ್ಣದ ಪುಟಾಣಿಗೆ ಏಳು ಜೋಡಿ ಕಾಲು, ಅದು ನೆಲದ ಮೇಲೆ ಬದುಕುವ ಏಡಿಯ ನೆಂಟ. ಕಾಡಿನ ತರಗಿನಲ್ಲಿ ಸಿಗುವ ದೊಡ್ಡದಕ್ಕೆ ಕಾಲು ಬಹಳ, ಅದು ಸಹಸ್ರಪದಿ. ಪೆಟ್ಟಿಗೆಯವರು ಇವೆರಡನ್ನು ಪಕ್ಕಪಕ್ಕ ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಕೊನೆಗೆ ಗುಂಪುಗಳನ್ನು ಮೇಜಿನ ಮೇಲೆ ಇಟ್ಟಾಗ ಇನ್ನೊಂದು ಪ್ರಶ್ನೆ ಬಂತು. ಕೀಟಕ್ಕೆ ಯಾರು ಹತ್ತಿರದವರು? ಎಲ್ಲರೂ ಜೇಡ ಎಂದರು. ವಂಶವಾಹಿ ಹೋಲಿಸಿ ನೋಡಿದವರ ಪ್ರಕಾರ ಕೀಟಗಳು ಹುಟ್ಟಿದ್ದು ಏಡಿ, ಸಿಗಡಿಗಳ ಬಳಗದೊಳಗಿಂದಲೇ. ಮಿಡತೆಗೆ ಶೆಟ್ಲಿ ಹತ್ತಿರ, ಜೇಡ ದೂರ. ಆ ಮಟ್ಟಿಗೆ ‘ಏಡಿ ಕೀಟ’ ಎಂದ ಚೀಟಿಯವರು ಬಾಣ ಬಿಟ್ಟದ್ದು ಎಲ್ಲಿಗೋ, ತಾಗಿದ್ದು ಎಲ್ಲಿಗೋ. ಅತ್ತೆಗೆ ಇದನ್ನು ಹೇಳಿದೆ. ‘ಹಂಗಾರೆ ಚಗಳಿ ಚಟ್ನಿನೂ ಶೆಟ್ಲಿ ಚಟ್ನಿನೂ ಒಂದೇ ಮನೆತನ ಅನ್ನು’ ಎಂದರು.

ಯಾರು ಕೊಳ್ಳಬಹುದು? ಶಾಲೆಗೆ, ಲೈಬ್ರರಿಗೆ ಧಾರಾಳವಾಗಿ. ಮನೆಯಲ್ಲಿ ಒಂದು ಮಗುವಿಗೆ ಎಂದರೆ ಜಾಸ್ತಿಯಾಯಿತು. ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಭೂತಗನ್ನಡಿ ಕೊಡಿಸಿ, ಹಿತ್ತಲಿಗೆ ಬಿಡಿ. ಜಾತ್ರೆಯ ಪ್ಲಾಸ್ಟಿಕ್ ಹುಳಗಳ ಪೊಟ್ಟಣ ಮಾತ್ರ ಬೇಡ. ನನ್ನ ಮಗನ ಹತ್ತಿರ ಇರುವ ಪ್ಲಾಸ್ಟಿಕ್ ಜೇಡಕ್ಕೆ ಆರೇ ಕಾಲು, ಮೇಲೆ ಎರಡು ಮೀಸೆ ಬೇರೆ. ಕೊಳ್ಳುವಾಗ ಫೋಟೋದಲ್ಲಿ ಅಡಿಭಾಗ ತೋರಿಸಿದ್ದಾರಾ ನೋಡಿ. ಬಿಲ್ಲೆಗಳನ್ನು ಬಿಸಿಲಿನಲ್ಲಿ ಇಡಬೇಡಿ, ಹಳದಿಯಾಗುತ್ತವೆ. ನೆಲಕ್ಕೆ ಬಿದ್ದರೆ ಮೂಲೆ ಚಕ್ಕೆ ಏಳುತ್ತದೆ. ನಮ್ಮದರಲ್ಲಿ ಈಗಾಗಲೇ ಚೇಳಿನದು ಎದ್ದಿದೆ.

ಸ್ಟಿಕ್ಕರುಗಳನ್ನೆಲ್ಲ ಎಣ್ಣೆ ಹಚ್ಚಿ ತೆಗೆದೆ. ನೊಣದ ಬಿಲ್ಲೆಯ ಬೆನ್ನ ಮೇಲಿನ ‘ಜೇನು’ ಎಂಬುದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಮುಂದಿನ ವರ್ಷ ಬರುವ ಮಕ್ಕಳು ಹಿಡಿಯುತ್ತಾರಾ ನೋಡಬೇಕು.